ಕರಿಕಲ್ಲು ಬಾಣೆಗೆ ಬಿದ್ದ ತೂತು

ಸಂಪಾಜೆ, ಕೊಡಗು
ತಾ. ೭-೪-೧೯೬೩, ಭಾನುವಾರ

ಪ್ರೀತಿಯ ಮಗಳು ಯಮುನಾಳಿಗೆ,

ತಾಯಿ ಕಾವೇರಮ್ಮ ನಿನ್ನನ್ನು ಆ ಸಮುದ್ರದ ಊರಿನಲ್ಲಿ ಆರೋಗ್ಯವಾಗಿ ಇಟ್ಟಿರಲಿ. ಕೆಮ್ಮು ಹೋಯಿತೇ? ಹೋಗಿರದಿದ್ದರೆ ಕಾಳುಮೆಣಸು ಕುಟ್ಟಿ ಜೇನಿನಲ್ಲಿ ಕಲಸಿ ತಿನ್ನು. ಕಳೆದ ಸಲ ಕಳಿಸಿದ ಜೇನನ್ನು ಹಾಸ್ಟೆಲಿನ ಹುಡುಗಿಯರಿಗೆಲ್ಲ ಹಂಚಿ ಖಾಲಿ ಮಾಡಿರುತ್ತೀ ಎಂದು ನನಗೆ ಗೊತ್ತು. ಇನ್ನೊಂದು ಶೀಶೆ ತುಂಬಿಸಿಟ್ಟಿದ್ದೇನೆ, ಆ ಕಡೆ ಹೋಗುವವರು ಯಾರಾದರೂ ಸಿಕ್ಕಿದರೆ ಕಳಿಸುತ್ತೇನೆ. ಇದನ್ನಾದರೂ ನಿನ್ನ ಗಂಟಲಿಗೆ ಇಟ್ಟುಕೋ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನನಗೆ ಮಂಡಿ ನೋವಿದೆ, ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅದರ ಮಾತನ್ನು ನಾನು ಕೇಳುವುದಿಲ್ಲ. ನಿನ್ನ ಅಣ್ಣ ಬೆಳ್ಯಪ್ಪ ಮೆಣಸು ಒಣಗಿಸಿ ಮುಗಿಸಿದ. ನಿನ್ನ ಅತ್ತಿಗೆಗೆ ಏಳನೇ ತಿಂಗಳು. ಅವಳಿಗೆ ಹುಣಸೆಹಣ್ಣು ಬಿಟ್ಟು ಬೇರೆ ಯಾವ ಯೋಚನೆಯೂ ಇಲ್ಲ. ಮಕ್ಕಳಿಬ್ಬರೂ ಅಂಗಳದಲ್ಲಿ ಕಲ್ಲಿನ ಕೋಲು ಇಟ್ಟುಕೊಂಡು ಆಡುತ್ತಿದ್ದಾರೆ. ಬಂಡೆ ಕೊರೆದಾಗ ಮೇಲೆ ಬರುವ ಆ ಕೋಲು ಎಂದರೇನು ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ನಿನ್ನ ಸೋಮಯ್ಯ ಚಿಕ್ಕಪ್ಪ ಎಂದಿನಂತೆಯೇ ಇದ್ದಾನೆ. ಅವನ ವಿಷಯ ಕೆಳಗೆ ಬೇಕಾದಷ್ಟು ಬರುತ್ತದೆ.

ನಿನ್ನ ಕಾಗದ ಬುಧವಾರ ತಲುಪಿತು. ನಾಲ್ಕು ಮಗ್ಗುಲು ಬರೆದಿದ್ದೀ. ಊಟ, ಟ್ರಾಮು, ಮೇಟ್ರನ್ನಿನ ಬೆಕ್ಕು ಎಂದು ಸುತ್ತಿ ಸುತ್ತಿ ಕೊನೆಗೆ ಕೇಳಿದ್ದು ಒಂದೇ ಮಾತು: ನಮ್ಮ ಮನೆ ಹಿಂದಿನ ಬಂಡೆಗುಡ್ಡ, ಕರಿಕಲ್ಲು ಬಾಣೆ, ಪರೀಕ್ಷೆಯಲ್ಲಿ ಪಾಸಾಯಿತೇ? ಅಷ್ಟು ಸುತ್ತುವ ಅಗತ್ಯವಿರಲಿಲ್ಲ. ನಿಮ್ಮ ಆಫೀಸಿನವರು ಅಣುವಿನ ಕಸವನ್ನು ಹೂಳುವುದಕ್ಕೆ ಬಿರುಕಿಲ್ಲದ, ನೀರಿಳಿಯದ ಬಂಡೆ ಯಾವ ಊರಿನಲ್ಲಿದೆ ಎಂದು ಯೋಚಿಸುತ್ತಿದ್ದಾಗ, ಅಷ್ಟು ಜನ ಗಂಡಸರ ನಡುವೆ ಎದ್ದು ನಿಂತು ನಮ್ಮ ಬಾಣೆಯ ಹೆಸರು ಹೇಳಿದವಳು ನೀನು. ಕೆಲವರು, ನಿಮ್ಮ ದೊಡ್ಡ ಸಾಹೇಬರೂ ಸೇರಿ, ನಕ್ಕರಂತೆ. ಹುಡುಗಿಗೆ ತವರಿನ ನೆನಪಾಗಿದೆ, ಹೋಗಿಬರುವ ಖರ್ಚಿಗೆ ಟಿ.ಎ. ಸಿಗುತ್ತದೆ ಎಂದರಂತೆ. ಇದನ್ನು ನೀನು ನನಗೆ ಬರೆಯಲಿಲ್ಲ, ನಿಮ್ಮ ಆಫೀಸಿನಿಂದ ಬಂದ ರೇವಣ್ಣನವರು ಹೇಳಿದರು. ನಿನ್ನ ಕೆಲಸ ಕಾಯಂ ಆಗುವ ಮಾತು ಇದೇ ಬೇಸಿಗೆಯಲ್ಲಿ ಬರುತ್ತದೆ ಎಂದೂ, ಬಾಣೆ ಒಳ್ಳೆಯದು ಎಂದು ರಿಪೋರ್ಟು ಬಂದರೆ ನಕ್ಕವರ ಬಾಯಿ ಮುಚ್ಚುತ್ತದೆ, ಕೆಟ್ಟದ್ದು ಎಂದು ಬಂದರೆ ಇನ್ನು ಮುಂದೆ ನೀನು ಬಾಯಿ ತೆರೆದಾಗಲೆಲ್ಲ ನಗುತ್ತಾರೆ ಎಂದೂ ಅವರೇ ಹೇಳಿದರು. ಹಾಗಾಗಿ ನಿನಗೆ ಎಷ್ಟು ಕಾತರವಿರಬಹುದು ಎಂದು ನನಗೆ ಗೊತ್ತು. ಉತ್ತರ ಹೇಳುತ್ತೇನೆ. ಆದರೆ ಕ್ರಮವಾಗಿ ಹೇಳುತ್ತೇನೆ. ನಾನು ಮಡಿಕೇರಿಯಲ್ಲಿ ಹೈಸ್ಕೂಲು ಓದುವಾಗ ಲೆಕ್ಕದ ಮೇಷ್ಟರು, ಉತ್ತರ ಮಾತ್ರ ಬರೆದರೆ ಸೊನ್ನೆ, ಹಂತ ಹಂತವಾಗಿ ಬರೆದರೆ ಮಾರ್ಕು ಎಂದು ಕಲಿಸಿದ್ದಾರೆ.

ರೇವಣ್ಣನವರು ಹುತ್ತರಿ ಕಳೆದ ಮೇಲೆ ಜೀಪಿನಲ್ಲಿ ಬಂದರು. ಚಿತ್ರದುರ್ಗದ ಕಡೆಯವರು, ಮೂವತ್ತೈದರ ಒಳಗಿನ ವಯಸ್ಸು, ಕಲ್ಲಿನ ಶಾಸ್ತ್ರ ಓದಿದವರು. ಮಾತು ಮೆತ್ತಗೆ. ಮನೆಯೊಳಗೆ ಬರುವ ಮೊದಲು ಬೂಟು ಬಿಚ್ಚಿದರು, ಅಲ್ಲಿಗೆ ನನ್ನನ್ನು ಕೇಳದೆ ಬಂದರೆಂದು ಅವರ ಮೇಲಿದ್ದ ಕೋಪ ಅರ್ಧ ಇಳಿಯಿತು. ಮೇಲಿನ ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟೆ. ಟೆಂಟು ಹಾಕುತ್ತೇವೆ ಎಂದರು. ನಮ್ಮ ಜಾಗಕ್ಕೆ ಬಂದವರು ಬಟ್ಟೆಯ ಗುಡಿಸಲಿನಲ್ಲಿ ಮಲಗಿದರೆ ಸಂಪಾಜೆಯಲ್ಲಿ ನಾನು ತಲೆ ಎತ್ತಿ ನಡೆಯುವುದು ಹೇಗೆ? ಮೊದಲ ವಾರವೆಲ್ಲ ಬಾಣೆಯನ್ನು ನೋಡಿದ್ದೇ ನೋಡಿದ್ದು. ಕಲ್ಲನ್ನು ಸುತ್ತಿಗೆಯಿಂದ ತಟ್ಟಿ ಕಿವಿಗೊಡುವುದು, ಮುರಿದ ಚೂರನ್ನು ಭೂತಗನ್ನಡಿಯಲ್ಲಿ ನೋಡುವುದು, ಹತ್ತಿರ ಎಲ್ಲಾದರೂ ಭೂಮಿ ನಡುಗಿದ್ದುಂಟೇ, ಮಳೆಗಾಲದಲ್ಲಿ ಕುಸಿದದ್ದುಂಟೇ ಎಂದು ಕೇಳುವುದು. ನಿನ್ನನ್ನು ನೋಡಲು ಬಂದ ಮಾದಾಪುರದವರೂ ಇಷ್ಟು ಪ್ರಶ್ನೆ ಕೇಳಿರಲಿಲ್ಲ. ಅವರಿಗೆ ಹುಡುಗಿ ಎಷ್ಟು ಓದಿದ್ದಾಳೆ ಎಂಬ ಒಂದೇ ಪ್ರಶ್ನೆ ಸಾಕಾಗಿತ್ತು. ಉತ್ತರ ಕೇಳಿ ಕಾಫಿಯನ್ನೂ ಪೂರ್ತಿ ಕುಡಿಯದೆ ಎದ್ದರು. ಬಾಣೆಯಾದರೂ ಒಳ್ಳೆಯ ಮನೆ ಸೇರಲಿ ಎಂದು ಸೋಮಯ್ಯ ಜಗಲಿಯಲ್ಲಿ ಕುಳಿತು ನಗಾಡಿದ. ನಾನು ಒಂದು ಸಲ ನೋಡಿದೆ, ಎಲೆಅಡಿಕೆ ತಟ್ಟೆ ಎಳೆದುಕೊಂಡ.

ಈ ಕಸದ ವಿಷಯವನ್ನು ನೀನು ಬರೆದದ್ದರಿಂದ ನಾನು ಅರ್ಥ ಮಾಡಿಕೊಂಡದ್ದು ಹೀಗೆ, ತಪ್ಪಿದ್ದರೆ ತಿದ್ದು. ಒಲೆ ಉರಿಸಿದರೆ ಬೂದಿ ಬಂದೇ ಬರುತ್ತದೆ. ಅಣುವಿನ ಒಲೆಗೂ ಬೂದಿಯಿದೆ, ಆದರೆ ಅದು ನೂರು ತಲೆಮಾರು ಕಳೆದರೂ ಆರುವುದಿಲ್ಲ. ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು, ಮುಟ್ಟಿದವರನ್ನು ಬಿಡದು. ಹಿತ್ತಿಲಿಗೆ ಸುರಿಯುವ ಹಾಗಿಲ್ಲ, ಹೊಳೆಗೆ ಬಿಡುವ ಹಾಗಂತೂ ಇಲ್ಲವೇ ಇಲ್ಲ. ಆದ್ದರಿಂದ ಬಂಡೆಯ ಹೊಟ್ಟೆಯಲ್ಲಿ, ನೀರು ಹೋಗಿ ಮುಟ್ಟದಷ್ಟು ಆಳದಲ್ಲಿ ಇಡಬೇಕು. ಇಷ್ಟು ಸರಿ. ಚೀನಾದವರು ಬಂದಾಗ ದೇಶಕ್ಕೆ ಎಂದು ಎರಡು ಬಳೆ ಬಿಚ್ಚಿ ಕೊಟ್ಟವಳು ನಾನು, ದೇಶಕ್ಕೆ ಒಲೆ ಬೇಕು ಎಂದರೆ ಬೇಡ ಎನ್ನುವವಳಲ್ಲ. ಆದರೂ ಒಂದು ದಿನ ಊಟ ಬಡಿಸುತ್ತಾ ರೇವಣ್ಣನವರನ್ನು ಕೇಳಿಯೇ ಬಿಟ್ಟೆ, ಅಷ್ಟು ಕಾಲ ಅದನ್ನು ಕಾಯುವವರು ಯಾರು ಎಂದು. ಬೇಲಿ ಹಾಕಿ ಬೋರ್ಡು ನೆಡುತ್ತೇವೆ ಅಮ್ಮಾ ಎಂದರು. ನನಗೆ ನಗು ಬಂತು. ನಮ್ಮ ಸಂಪಾಜೆ ಗೇಟಿನ ಬೋರ್ಡನ್ನೇ ನೋಡು. ನಾನು ಮದುವೆಯಾಗಿ ಬಂದಾಗ ಬರೀ ಇಂಗ್ಲಿಷು, ಗೇಟಿನಾಚೆ ಮದರಾಸು, ಈಚೆ ಚೀಫ್ ಕಮಿಷನರರ ಕೊಡಗು. ಆಮೇಲೆ ನಮ್ಮದೇ ಸರಕಾರ ಎಂದು ಹೊಸ ಬೋರ್ಡು ಬಂತು, ಅದರ ಬಣ್ಣ ಮಾಸುವ ಮೊದಲೇ ಆಚೆಯೂ ಈಚೆಯೂ ಮೈಸೂರಾಯಿತು. ಒಬ್ಬಳು ಹೆಂಗಸಿನ ತಲೆ ನರೆಯುವುದರೊಳಗೆ ಬೋರ್ಡಿನ ಗತಿ ಇದಾದರೆ ನೂರು ತಲೆಮಾರಿಗೆ ಯಾವ ಬಣ್ಣ ಬಳಿಯುತ್ತೀರಿ, ನಮ್ಮ ದೇವರಕಾಡಿಗೆ ಯಾವ ಬೋರ್ಡಿದೆ, ಆದರೂ ಯಾರಾದರೂ ಕೊಡಲಿ ಹಿಡಿದು ಒಳಗೆ ಹೋಗುತ್ತಾರೆಯೇ ಎಂದು ಕೇಳಿದೆ. ರೇವಣ್ಣನವರು ಸಾರು ಕಲಸುತ್ತಾ ಮೆಲ್ಲಗೆ, "ಕೊಡಲಿ ಹಿಡ್ಕೊಂಡು ಹೋಗಲ್ಲಮ್ಮ, ಆದ್ರೆ ಒಳಗಡೆ ಯಾರೋ ಏಲಕ್ಕಿ ನೆಟ್ಟಿದ್ದಾರೆ, ಚೆನ್ನಾಗಿ ಬಂದಿದೆ" ಎಂದರು. ಯಾರ ಏಲಕ್ಕಿ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಸೋಮಯ್ಯ ಮಜ್ಜಿಗೆ ಕೇಳಿದ. ನಾನು ಮಾತು ಬದಲಾಯಿಸಿದೆ.

ಮೆಷಿನು ಲಾರಿಯಲ್ಲಿ ಬಂತು. ಅದನ್ನು ಬಾಣೆಗೆ ಎಳೆಯುವುದಕ್ಕೆ ಊರಿನ ಅರ್ಧ ಗಂಡಸರು ಬೇಕಾದರು, ಉಳಿದ ಅರ್ಧ ನೋಡುವುದಕ್ಕೆ ಬಂದರು. ತೂತು ಕೊರೆಯುವ ಮೊದಲು ಕಾರ್ನೋರಿಗೆ ಅಗೆಲು ಬಡಿಸಬೇಕು, ಗತಿಸಿದ ಹಿರಿಯರಿಗೆ ಎಡೆ ಇಡಬೇಕು ಎಂದು ನಾನು ಹಟ ಹಿಡಿದೆ. ಈ ಮನೆಯಲ್ಲಿ ಬಾವಿ ತೋಡುವಾಗ, ಕೊಟ್ಟಿಗೆಗೆ ಪಾಯ ತೆಗೆಯುವಾಗ, ಎಂದಾದರೂ ಹಿರಿಯರಿಗೆ ಒಂದು ಎಲೆ ಹಾಕದೆ, ಒಂದು ಮಾತು ಕೇಳದೆ ಗುದ್ದಲಿ ಇಟ್ಟದ್ದುಂಟೇ? ರೇವಣ್ಣನವರು ಒಪ್ಪಿದರು. ಬಾಳೆಲೆಯಲ್ಲಿ ಅನ್ನ, ಕೋಳಿಸಾರು, ರೊಟ್ಟಿ, ಪಕ್ಕದಲ್ಲಿ ಒಂದು ಗ್ಲಾಸು ಸಾರಾಯಿ. ಮನೆಯ ಹಿರಿಯ ಗಂಡಸು ಎಂದು ಸೋಮಯ್ಯನೇ ಕೈಮುಗಿದು ಅರಿಕೆ ಮಾಡಿಕೊಂಡ: "ಕಾರ್ನೋರೇ, ಸರ್ಕಾರದವು ಬಂದೊಳೊ. ನಿಮ್ಮ ಮಾಡಿನ ಮೇಲೆ ಸ್ವಲ್ಪ ಸದ್ದು ಉಟ್ಟು. ಕೋಪ ಮಾಡ್ಬೇಡಿ. ಎಂತ ಬೇಕಾರೂ ನಂಗೆ ಹೇಳಿ." ಇದನ್ನು ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು, ನಾನು ನೋಡಿದೆ. ಈ ಕೊನೆಯ ಮಾತು, ಎಂತ ಬೇಕಾರೂ ನಂಗೆ ಹೇಳಿ ಎಂದದ್ದು, ಎಷ್ಟು ದೂರ ಹೋಗುತ್ತದೆ ಎಂದು ಆಗ ನಮಗೆ ಯಾರಿಗೂ ತಿಳಿದಿರಲಿಲ್ಲ.

ಕೊರೆದರು ನೋಡು, ಮಾರ್ಚಿನವರೆಗೂ ಕೊರೆದರು. ಬಂಡೆ ಕೋಲು ಕೋಲಾಗಿ ಮೇಲೆ ಬಂತು, ಸಕ್ಕರೆ ಬೆರೆಸಿದ ಎಳ್ಳಿನ ಹಾಗೆ ಕಪ್ಪು ಬಿಳುಪು ಹೊಳಪು. ಎಲ್ಲೂ ಒಂದು ಗೆರೆಯಿಲ್ಲ, ಒಂದು ಬಿರುಕಿಲ್ಲ. ರೇವಣ್ಣನವರು ಪೆಟ್ಟಿಗೆಯಲ್ಲಿ ಜೋಡಿಸುತ್ತಾ, "ಅಮ್ಮಾ, ಇಂಥ ಕಲ್ಲು ನಾನು ನೋಡೇ ಇಲ್ಲ" ಎಂದಾಗ ನನಗೆ ಆದ ಸಂತೋಷವನ್ನು ಏನೆಂದು ಬರೆಯಲಿ. ನಿನ್ನ ಎಂ.ಎಸ್ಸಿ. ಪಾಸಾದ ತಂತಿ ಬಂದ ದಿನ ಹಾಗೆ ಆಗಿತ್ತು. ನನ್ನ ಮಗಳು ಸುಮ್ಮನೆ ಹೇಳಿದ್ದಲ್ಲ ಎಂದು ಕೆಳಗಿನ ಮನೆ ಪೂವಮ್ಮನಿಗೆ ಕೇಳುವ ಹಾಗೆ ಎರಡು ಸಲ ಹೇಳಿದೆ. ಪೂವಮ್ಮನಿಗೆ ಮೊದಲಿನಿಂದಲೂ ಇದು ಇಷ್ಟವಿರಲಿಲ್ಲ, ಬಾಣೆಯ ಬುಡದ ಒರತೆಯ ನೀರು ಹೋಗುವುದು ನಮ್ಮ ಗದ್ದೆ ದಾಟಿ ಅವಳ ಗದ್ದೆಗೆ. ಆರುನೂರು ಅಡಿ ತಲುಪಿದ ಮೇಲೆ ಮೆಷಿನು ನಿಲ್ಲಿಸಿ, ತೂತಿನೊಳಗಿನ ನೀರನ್ನೆಲ್ಲ ಪಂಪು ಹಾಕಿ ತೆಗೆದು, ಬಾಯಿಗೆ ಕಬ್ಬಿಣದ ಮುಚ್ಚಳ ಹಾಕಿ ಬೋಲ್ಟು ಬಿಗಿದರು. ಕೆಲವು ವಾರ ಬಿಟ್ಟು ತಳದಿಂದ ನೀರು ತೆಗೆದು ಪರೀಕ್ಷೆಗೆ ಕಳಿಸುವುದು. ನೆಲದ ಮೇಲಿನ ನೀರಿನ ಗುಣ ಏನಾದರೂ ಅದರಲ್ಲಿ ಕಂಡರೆ ಬಂಡೆಯಲ್ಲಿ ಎಲ್ಲೋ ದಾರಿಯಿದೆ ಎಂದರ್ಥ. ನೀರು ಇಳಿಯುವ ದಾರಿಯಿದ್ದರೆ ಬೂದಿ ಹೊರಬರುವ ದಾರಿಯೂ ಇದ್ದ ಹಾಗೆಯೇ. ರೇವಣ್ಣನವರು ಮುಚ್ಚಳದ ಕಾವಲಿಗೆ ನಿಂಗ ಎಂಬ ಮೆಷಿನಿನ ಆಳನ್ನು ಇಟ್ಟು, ಸ್ಪಾನರನ್ನೂ ಅವನ ಕೈಗೇ ಕೊಟ್ಟು ಮಾಕುಟ್ಟದ ಕಾಡಿನ ಕಡೆ ಇನ್ನೊಂದು ಬಂಡೆ ನೋಡಲು ಹೋದರು. ಬಂದು ನೀರು ತೆಗೆದು ಕಳಿಸಿದರು.

ಪರೀಕ್ಷೆಯ ಉತ್ತರ ಬಂದದ್ದು ಮೊನ್ನೆ ಶುಕ್ರವಾರ. ಜಗಲಿಯಲ್ಲಿ ಕುಳಿತು ಕವರು ಒಡೆದ ರೇವಣ್ಣನವರ ಮುಖ ಇಳಿಯಿತು. ನನ್ನನ್ನು ಕರೆದರು. "ಅಮ್ಮಾ, ಬೇಜಾರು ಮಾಡ್ಕೋಬೇಡಿ. ನಿಮ್ಮ ಬೆಟ್ಟ ಆಗಲ್ಲ" ಎಂದರು. ಯಾಕೆ ಎಂದೆ. ತಳದ ನೀರಿನಲ್ಲಿ ಎಣ್ಣೆಯ ಜಿಡ್ಡು, ಮಾಂಸದ ಕೊಬ್ಬು, ಹುಳಿ ಬಂದ ಪದಾರ್ಥ, ಇನ್ನೂ ಏನೇನೋ ಸಿಕ್ಕಿದೆಯಂತೆ. ಮನೆಯ ಹತ್ತಿರದ ಕೊಳೆನೀರು ಬಂಡೆಯೊಳಗೆ ಇಳಿಯುತ್ತಿರಬೇಕು, ಅಡಿಗೆ ಮನೆಯ ಬಚ್ಚಲದ್ದು ಇರಬಹುದು ಎಂದರು. ಯಮುನಾ, ನನ್ನ ಬಚ್ಚಲು! ಮೂವತ್ತು ವರ್ಷದಿಂದ ಬೂದಿ ಹಾಕಿ ಉಜ್ಜಿ ಬಿಳಿ ಕಲ್ಲಿನ ಹಾಗೆ ಇಟ್ಟ ಬಚ್ಚಲು. ಆ ನೀರು ಬಾಣೆಯ ಹೊಟ್ಟೆಗೆ ಹೋಗುತ್ತಿದೆ ಎಂದು ನಾಳೆ ಬೊಂಬಾಯಿಯಲ್ಲಿ ಇಂಗ್ಲಿಷಿನಲ್ಲಿ ಟೈಪು ಹೊಡೆಯುತ್ತಾರಂತೆ. ಬಚ್ಚಲ ನೀರು ಹರಿಯುವುದು ಕೆಳಕ್ಕೆ, ಬಾಣೆಯಿರುವುದು ಮೇಲೆ, ನಿಮ್ಮ ಶಾಸ್ತ್ರದಲ್ಲಿ ನೀರು ಮೇಲಕ್ಕೆ ಹತ್ತುತ್ತದೆಯೇ ಎಂದು ಕೇಳಿದೆ. ಅವರು ಪಾಪ, ಬೇರೆ ಎಲ್ಲಿಂದಲೋ ಇರಬೇಕು, ಒಟ್ಟಿನಲ್ಲಿ ಬಿರುಕಿದೆ, ಯಮುನಾ ಮೇಡಮ್ಮಿಗೆ ಏನು ಹೇಳಲಿ ಎಂಬುದೇ ಗೊತ್ತಾಗುತ್ತಿಲ್ಲ ಎಂದು ತಲೆ ತಗ್ಗಿಸಿದರು. ಆಗ ನನಗೆ ಏನೋ ಹೊಳೆಯಿತು. ಎಣ್ಣೆ ಎಂದರೆ ಯಾವ ಎಣ್ಣೆ ಎಂದು ಕೇಳಿದೆ. ತೆಂಗಿನೆಣ್ಣೆ ಎಂದು ಬರೆದಿದ್ದಾರೆ ಎಂದರು. ಅಗೆಲಿನ ಕೋಳಿಸಾರಿಗೆ ನಾನು ಹಾಕುವುದು ಅದೇ ಎಣ್ಣೆ. ನಾನು ಮೆಲ್ಲಗೆ ತಿರುಗಿ ಸೋಮಯ್ಯ ಕುಳಿತಿದ್ದ ಕಂಬದ ಕಡೆ ನೋಡಿದೆ. ಕಂಬ ಮಾತ್ರ ಇತ್ತು.

ಅವನು ಕೊಟ್ಟಿಗೆಯಲ್ಲಿ ಸಿಕ್ಕಿದ, ಹಸುವಿನ ಬೆನ್ನು ತೀಡುತ್ತಾ. ಆ ಹಸುವಿಗೆ ಹುಟ್ಟಿದಂದಿನಿಂದ ಅವನು ಒಂದು ಹಿಡಿ ಹುಲ್ಲು ಹಾಕಿದವನಲ್ಲ. ನಾನು ಕೇಳುವ ಮೊದಲೇ ಎಲ್ಲ ಹೇಳಿಬಿಟ್ಟ. ಆಗೆಲ್ಲ ಅವನಿಗೆ ಒಂದೇ ಚಿಂತೆಯಂತೆ. ಅಷ್ಟು ಆಳ ಮೆಷಿನು ಹೋದ ಮೇಲೆ ಕಾರ್ನೋರಿಗೆ ನೆಮ್ಮದಿಯೆಲ್ಲಿ? ಬೇಕಾದ್ದನ್ನು ಕೇಳಿ ಎಂದು ಮಾತು ಕೊಟ್ಟವನು ತಾನು. ಅದಕ್ಕೆ ಸಂಜೆ ಸಂಜೆ ಬಾಣೆಗೆ ಹತ್ತಿ, ನಿಂಗನ ಕೈಯಲ್ಲಿ ಮುಚ್ಚಳ ತೆಗೆಸಿ, ತೂತಿನೊಳಕ್ಕೆ ಒಂದು ಗ್ಲಾಸು ಸಾರಾಯಿ ಹೊಯ್ಯುವುದು. ಕೋಳಿ ಕೊಯ್ದ ದಿನ ಸಾರು ಕೂಡ. ನಿಂಗನಿಗೂ ಒಂದು ಗ್ಲಾಸು, ಕಾವಲಿನವನಲ್ಲವೇ. "ಎಂತ ಮಾಡ್ದು ಅತ್ತಿಗೆ, ಅಷ್ಟು ನೇರ ದಾರಿ ಉಟ್ಟಲ್ಲ! ಮೇಲೆ ನೆಲಕ್ಕೆ ಹೊಯ್ದರೆ ಅರ್ಧ ಇರುವೆಗೇ" ಎಂದ. ಕಾರ್ನೋರ ಹೆಸರಿನಲ್ಲಿ ನೀನು ಎಷ್ಟು ಕುಡಿದೆ ಎಂದು ಕೇಳಿದೆ. "ಅವು ಕುಡಿವಾಗ ಜೊತೆಗೆ ಕೂರದಿದ್ರೆ ಮರ್ಯಾದೆ ಅಲ್ಲ ಅತ್ತಿಗೆ" ಎಂದ. ಬಯ್ಯಬೇಕು ಎಂದು ಬಾಯಿ ತೆರೆದವಳಿಗೆ ನಗು ಬಂತು, ಯಮುನಾ. ಹಸುವಿನ ಮೇಲೆ ಕೈಯಿಟ್ಟುಕೊಂಡು ನಕ್ಕೆ. ನಿಮ್ಮಪ್ಪ ಹೋದ ಮೇಲೆ ನಾನು ಅಷ್ಟು ನಕ್ಕದ್ದು ಅದೇ ಮೊದಲು. ಅಣುವಿಗೆ ಅಂಜದ ಬಂಡೆಯನ್ನು ನಮ್ಮ ಸೋಮಯ್ಯ ಒಂದು ಗ್ಲಾಸಿನಲ್ಲಿ ಸೋಲಿಸಿಬಿಟ್ಟ.

ನಗು ಮುಗಿದ ಮೇಲೆ ಯೋಚನೆ ಶುರುವಾಯಿತು. ಈಗ ನಿನಗೆ ಉತ್ತರ ಸಿಕ್ಕಿತಲ್ಲ. ಬಂಡೆಯಲ್ಲಿ ಬಿರುಕಿಲ್ಲ, ನಿನ್ನ ಮಾತು ನೂರಕ್ಕೆ ನೂರು ನಿಜ. ಆದರೆ ಆ ನಿಜ ಗೊತ್ತಿರುವುದು ನಮಗೆ ಮಾತ್ರ. ಇವತ್ತು ಊಟವಾದ ಮೇಲೆ, ರೇವಣ್ಣನವರು ಬಾಣೆಗೆ ಹೋಗಿದ್ದಾಗ, ಮನೆಯವರನ್ನೆಲ್ಲ ಕೂರಿಸಿದೆ, ಪೂವಮ್ಮನನ್ನೂ ಕರೆಸಿದೆ, ಅವಳ ಗದ್ದೆಯ ಮಾತೂ ಅಲ್ಲವೇ. ಬಾಣೆ ಪಾಸಾದರೆ ಏನಾಗುತ್ತದೆ ಎಂದು ರೇವಣ್ಣನವರು ಮೊದಲೇ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಬಾಣೆಯೂ ಮನೆಯೂ ಎರಡೂ ಗದ್ದೆಗಳೂ ಬೇಲಿಯೊಳಗೆ ಹೋಗುತ್ತವೆ, ನಮಗೆ ಬೇರೆ ಕಡೆ ಜಾಗ ಕೊಡುತ್ತಾರೆ, ಒರತೆಯ ನೀರನ್ನು ಮತ್ತೆ ಯಾರೂ ಮುಟ್ಟುವ ಹಾಗಿಲ್ಲ. ಬೆಳ್ಯಪ್ಪ ತಲೆ ಕೆಳಗೆ ಹಾಕಿಕೊಂಡು, "ಅವ್ವ, ನಾವು ಸುಳ್ಳು ಹೇಳ್ದು ಬೇಡ. ಸುಮ್ಮನೆ ಇದ್ದರಾತ್" ಎಂದ. ನಿನ್ನ ಅತ್ತಿಗೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಒರತೆಯ ಕಡೆಗೇ ನೋಡುತ್ತಿದ್ದಳು. ಪೂವಮ್ಮನಂತೂ ಸೋಮಯ್ಯನ ಕಾಲಿಗೆ ಬೀಳುವುದೊಂದು ಬಾಕಿ. ಇಷ್ಟು ದಿನ ಅವನನ್ನು ಕುಡುಕ ಎಂದು ಕರೆಯುತ್ತಿದ್ದವಳು ಇವತ್ತು, "ಗಂಗಕ್ಕ, ಕಾರ್ನೋರು ಕುಡ್ದು ಉತ್ತರ ಕೊಟ್ಟೊಳೊ. ಇನ್ನು ನಾವು ಬಾಯಿ ಬುಡಿಕೆ ಇಲ್ಲೆ" ಎಂದಳು. ಸೋಮಯ್ಯ ಎದೆ ಸೆಟೆಸಿ ಕುಳಿತಿದ್ದ, ತಾನೇ ಯುದ್ಧ ಗೆದ್ದು ಬಂದವನ ಹಾಗೆ. ರೇವಣ್ಣನವರು ನಾಳೆ ಬೆಳಿಗ್ಗೆ ರಿಪೋರ್ಟು ತೆಗೆದುಕೊಂಡು ಹೊರಡುತ್ತಾರೆ. ಅವರು ಹೊರಟರೆ ಮುಗಿಯಿತು, ಇನ್ನು ಯಾರೂ ಈ ಕಡೆ ತಿರುಗಿ ನೋಡುವುದಿಲ್ಲ.

ಹಾಗಾಗಿ ಮನೆಯವರೆಲ್ಲ ಸೇರಿ ಸುಮ್ಮನಿರುವುದು ಎಂದು ತೀರ್ಮಾನ ಮಾಡಿದ್ದೇವೆ. ನಾನೂ ಸರಿ ಎಂದೆ. ಇದು ಮನೆಯ ಮಾತು, ಮನೆಯಲ್ಲೇ ಇರಲಿ. ನೀನೂ ಈ ಮನೆಯವಳೇ. ಆಫೀಸಿನಲ್ಲಿ ಯಾರಾದರೂ ನಕ್ಕರೆ ನಗಲಿ. ಅವರ ನಗುವಿಗೆ ನಿನ್ನ ಓದು ಕರಗುವುದಿಲ್ಲ. ಕೆಲಸ ಕಾಯಂ ಆಗದಿದ್ದರೆ ಇನ್ನೊಂದು ವರ್ಷಕ್ಕೆ ಆಗುತ್ತದೆ, ಆಗದೇ ಇದ್ದರೆ ಮಡಿಕೇರಿಯ ಕಾಲೇಜಿನಲ್ಲಿ ನಿನ್ನಂಥವರು ಬೇಕು. ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು, ಟ್ರಾಮಿನ ಮೆಟ್ಟಿಲಲ್ಲಿ ನಿಂತು ಹೋಗಬೇಡ, ಕಾಗದಕ್ಕೆ ತಾರೀಕು ಹಾಕುವುದನ್ನು ಕಲಿ.

ಮನೆಯ ದೀಪ, ಹಿರಿಯರ ಹರಕೆ, ನಿನ್ನ ಅವ್ವನ ಮನಸ್ಸು ಮೂರೂ ನಿನ್ನ ಜೊತೆಗಿರಲಿ. ಅಣ್ಣ, ಅತ್ತಿಗೆ, ಮಕ್ಕಳು ನಿನ್ನನ್ನು ಕೇಳಿದ್ದಾರೆ. ಸೋಮಯ್ಯ ಚಿಕ್ಕಪ್ಪ ಪ್ರೀತಿ ತಿಳಿಸಿದ್ದಾನೆ, ಅದನ್ನು ಸ್ವೀ­ಕರಿಸುವುದೂ ಬಿಡುವುದೂ ನಿನಗೆ ಬಿಟ್ಟದ್ದು.

ಇತಿ ನಿನ್ನ ಅವ್ವ,
ಗಂಗಮ್ಮ

ಮರೆಯುವ ಮೊದಲು: ಇದು ಸೋಮವಾರ ಬೆಳಿಗ್ಗೆ ಬರೆಯುತ್ತಿದ್ದೇನೆ, ಬೆಳ್ಯಪ್ಪ ಅಂಚೆಗೆ ಹೋಗಲು ಚಪ್ಪಲಿ ಹಾಕಿ ನಿಂತಿದ್ದಾನೆ, ಅಕ್ಷರ ಓಡಿದರೆ ಸುಧಾರಿಸಿಕೋ. ಮೇಲೆ ಬರೆದ ತೀರ್ಮಾನ ರದ್ದು. ಬೆಳಿಗ್ಗೆ ರೇವಣ್ಣನವರು ಜೀಪಿಗೆ ಪೆಟ್ಟಿಗೆ ಏರಿಸುತ್ತಿದ್ದರು. ಹೊರಡುವ ಮೊದಲು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ, ಅಮ್ಮಾ, ರಿಪೋರ್ಟಿನಲ್ಲಿ ಸ್ಥಳ ಸೂಚಿಸಿದವರ ತಿಳಿವಳಿಕೆ ತಪ್ಪಾಗಿತ್ತು ಎಂದು ಒಂದು ಸಾಲು ಬರೆಯಲೇಬೇಕಾಯಿತು, ಕ್ಷಮಿಸಿ ಎಂದರು. ನಿನ್ನ ತಿಳಿವಳಿಕೆ ತಪ್ಪು ಎಂದು ನನ್ನ ಅಂಗಳದಿಂದಲೇ ಕಾಗದ ಹೋಗುತ್ತದೆ, ನಾನು ಸೆರಗು ಹೊದ್ದು ನೋಡುತ್ತಾ ನಿಲ್ಲುವುದೇ? ಸೋಮಯ್ಯನನ್ನು ಕರೆದು, ಎಲ್ಲ ಹೇಳು ಎಂದೆ. ಅವನು ಹೇಳಿದ, ಒಂದಿಷ್ಟೂ ಕಡಿಮೆ ಮಾಡದೆ ಹೇಳಿದ, ಕೊನೆಗೆ ಕಾರ್ನೋರಿಗೆ ಕೋಳಿಸಾರು ಹೆಚ್ಚು ಹಿಡಿಸಿತು ಎಂದೂ ಸೇರಿಸಿದ. ರೇವಣ್ಣನವರು ನಗುತ್ತಾ ನಗುತ್ತಾ ಜೀಪಿನ ಬಾನೆಟ್ಟಿನ ಮೇಲೆ ತಲೆಯಿಟ್ಟರು. ಆಮೇಲೆ ತಲೆ ಎತ್ತಿ, "ಅಮ್ಮಾ, ನೀವು ಹೇಳ್ದೇ ಇದ್ದಿದ್ರೆ ನಾವು ವಾಪಸ್ ಬರ್ತಾನೇ ಇರ್ಲಿಲ್ಲ, ಗೊತ್ತಲ್ವಾ?" ಎಂದರು. ಗೊತ್ತು, ನನ್ನ ಮಗಳು ಹೇಳಿದ್ದು ಸರಿ ಎಂದು ಬರೆಯಿರಿ, ಜೊತೆಗೆ ನಿಮ್ಮ ಕಾವಲು ಒಂದು ಬೇಸಿಗೆಯೂ ನಿಲ್ಲಲಿಲ್ಲ, ಒಂದು ಗ್ಲಾಸಿಗೆ ಬಿತ್ತು ಎಂಬುದನ್ನೂ ಬರೆಯಿರಿ, ನೂರು ತಲೆಮಾರಿನ ಕಾವಲಿಗೆ ಯೋಜನೆ ಹಾಕುವವರು ಅದನ್ನೂ ಓದಲಿ ಎಂದೆ. ಎರಡನ್ನೂ ನನ್ನ ಕಣ್ಣೆದುರೇ ಬರೆದರು. ಆ ಹಳೆಯ ಸಾಲನ್ನು ಹೊಡೆದು ಹಾಕಿದರು. ಮಳೆಗಾಲ ಕಳೆದ ಮೇಲೆ ಬಂದು ಮತ್ತೆ ನೀರು ತೆಗೆದು ನೋಡುತ್ತಾರಂತೆ, ಆಗ ಸೋಮಯ್ಯನನ್ನು ಅವನ ಅಕ್ಕನ ಮನೆಗೆ ಕಳಿಸುವುದಾಗಿ ನಾನು ಮಾತು ಕೊಟ್ಟಿದ್ದೇನೆ. ಪೂವಮ್ಮ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಬೆಳ್ಯಪ್ಪನ ಮುಖವೂ ದಪ್ಪಗಿದೆ. ಇರಲಿ.

ಈಗ ಮುಖ್ಯ ಮಾತು. ನಿನ್ನ ಮಾತು ನಿಜವೆಂದು ನಾನು ಹೇಳಿದೆನೇ ಹೊರತು ಬಾಣೆ ಕೊಡುತ್ತೇನೆ ಎಂದು ಹೇಳಿಲ್ಲ, ಎರಡನ್ನೂ ಒಂದೇ ಎಂದು ತಿಳಿಯಬೇಡ. ಬೇರೆ ಮನೆಯ ತಾಯಂದಿರನ್ನು ಕೇಳುವ ಮೊದಲು ನನ್ನ ತಾಯಿಯನ್ನು ಕೇಳಬೇಕು ಎಂದು ನೀನು ಆ ಸಭೆಯಲ್ಲಿ ಹೇಳಿದೆಯಂತೆ, ಇದನ್ನೂ ರೇವಣ್ಣನವರು ಹೊರಡುವಾಗ ಹೇಳಿದರು. ಕೇಳಿ ಹೆಮ್ಮೆಯಾಯಿತು. ಆದರೆ ನೀನು ಕೇಳಿದ್ದು ಸಭೆಯನ್ನು, ನನ್ನನ್ನಲ್ಲ. ಜೀಪು ಬಂತು, ಮೆಷಿನು ಬಂತು, ನೀನು ಬರಲಿಲ್ಲ. ಮಳೆಗಾಲ ಕಳೆದು ನೀರು ಶುದ್ಧ ಎಂದಾದರೆ ರಜೆ ಹಾಕಿ ನೀನೇ ಬಾ. ನಕ್ಕ ಆ ದೊಡ್ಡ ಸಾಹೇಬರನ್ನೂ ಕರೆದುಕೊಂಡು ಬಾ. ನಿನ್ನ ಅತ್ತಿಗೆಯ ಮಗು ಅಷ್ಟು ಹೊತ್ತಿಗೆ ತೊಟ್ಟಿಲಲ್ಲಿರುತ್ತದೆ. ಅದರ ಎದುರು, ಪೂವಮ್ಮನ ಎದುರು ಕುಳಿತು, ಏನು ಇಡುತ್ತೀರಿ, ಎಷ್ಟು ಕಾಲ ಇಡುತ್ತೀರಿ, ಏನು ಗೊತ್ತು, ಏನು ಗೊತ್ತಿಲ್ಲ ಎಲ್ಲವನ್ನೂ ನಿನ್ನ ಬಾಯಿಂದ ಹೇಳಿ ಕೇಳು. ಒರತೆಯ ನೀರಿನಲ್ಲೇ ಅಡಿಗೆ ಮಾಡಿ ಎಲ್ಲರಿಗೂ ಬಡಿಸುತ್ತೇನೆ. ಹೂಂ ಎನ್ನುತ್ತೇನೋ ಇಲ್ಲವೋ, ಅದು ಊಟವಾದ ಮೇಲೆ.